ಬಲಗಡೆಯ ಲೈಟಿನೊಳಗಿನ ನೀರು

ನಮ್ಮ ಸೀಮೆಗೆ ಕೆನಾಲು ಬಂದ ಮೇಲೆ ಚಳಿಗಾಲದ ಬೆಳಗುಗಳೇ ಬೇರೆಯಾದವು. ತೊಗರಿ, ಜೋಳದ ಹೊಲಗಳಷ್ಟೇ ಇದ್ದಾಗ ಗಾಳಿ ಒಣದಾಗಿರುತ್ತಿತ್ತು. ನೆಲ್ಲಿನ ಗದ್ದೆಗಳಾದ ಮೇಲೆ ಹೊತ್ತು ಹುಟ್ಟಿದರೂ ಮಂಜು ನೆಲ ಬಿಟ್ಟು ಏಳುತ್ತಿರಲಿಲ್ಲ. ಆ ಮಂಜಿನಲ್ಲೇ ನಾನು ಮೂರು ಗಾಲಿಯ ಟಂಟಂ ಆಟೋ ಓಡಿಸುತ್ತಿದ್ದೆ. ಎರಡನೇ ಬೆಳೆಯ ನಾಟಿ ಶುರುವಾಯಿತೆಂದರೆ ಸಗರದಿಂದ ಹೆಣ್ಣಾಳುಗಳನ್ನು ಕೂರಿಸಿಕೊಂಡು, ಭೀಮರಾಯನಗುಡಿ ದಾಟಿ, ಕೆನಾಲಿನ ದಂಡೆ ಹಿಡಿದು ಗದ್ದೆಗೆ ಮುಟ್ಟಿಸುವುದು ನನ್ನ ಕೆಲಸ.

ಗಾಡಿಯ ಜೊತೆ ಬಂದ ಹೆಡ್‌ಲೈಟು ಆ ಮಂಜಿಗೆ ಸಾಲುತ್ತಿರಲಿಲ್ಲ. ಶಹಾಪುರದ ಬಜಾರಿನಲ್ಲಿ ಒಂದು ಜೋಡಿ ಎಲ್‌ಇಡಿ ಫೋಕಸ್ ಲೈಟು ಕೊಂಡೆ. "ವಾಟರ್‌ಪ್ರೂಫ್ ಅದಾವ್ರಿ, ಚಿಂತಿ ಮಾಡಬ್ಯಾಡ್ರಿ" ಅಂದ ಅಂಗಡಿಯವ. ಮನೆಗೆ ತಂದು ನಾನೇ ಬಂಪರಿಗೆ ಹಾಕಿದೆ. ಎಡಗಡೆಯದು ಸಲೀಸಾಗಿ ಕೂತಿತು. ಬಲಗಡೆ ಹಾರ್ನು ಅಡ್ಡ ಬಂತು. ಲೈಟನ್ನು ಅತ್ತ ಇತ್ತ ತಿರುಗಿಸಿ, ಹ್ಯಾಗೋ ಹೊಂದಿಸಿ ಬೋಲ್ಟು ಬಿಗಿದೆ.

ಕೆಲವೇ ದಿನಗಳಲ್ಲಿ ಬಲಗಡೆಯ ಗಾಜು ಬೆವರಿದ್ದು ಕಂಡಿತು. ಅರಿವೆಯಿಂದ ಒರೆಸಿದೆ, ಹೋಗಲಿಲ್ಲ. ಬೆವರು ಗಾಜಿನ ಒಳಮೈಗೆ ಇತ್ತು. ಮಳೆ ಹೋಗಿ ತಿಂಗಳುಗಳಾಗಿದ್ದವು. ಎಡಗಡೆಯದು ಒಣಗೇ ಇತ್ತು. ಎರಡೂ ಒಂದೇ ಡಬ್ಬಿಯಿಂದ ತೆಗೆದವು, ಒಂದೇ ಮಂಜಿನಲ್ಲಿ ಓಡಾಡಿದವು. ಒಂದರೊಳಗೆ ಮಾತ್ರ ನೀರು ಎಲ್ಲಿಂದ ಬಂತು?

ಅಂಗಡಿಯವನನ್ನು ಕೇಳಿದೆ. "ಗಾಡಿ ತೊಳಿಯಾಗ ನೀರು ಹೊಕ್ಕಿರಬೇಕ್ರಿ. ಅಂಟು ಹಚ್ಚಿ ಎಲ್ಲಾ ಬಂದ್ ಮಾಡ್ರಿ" ಅಂದ. ಯಾದಗಿರಿಗೆ ಹೋದಾಗ ಒಬ್ಬ ಮೆಕ್ಯಾನಿಕ್, "ಬಂದ್ ಮಾಡಬ್ಯಾಡ, ಇನ್ನೊಂದು ತೂತು ಹೊಡಿ" ಅಂದ. ಸುರಪುರದ ಕಡೆ ಗಾಡಿ ಹೊಡೆಯುವ ನನ್ನ ಗೆಳೆಯ, ಒಳಗೆ ನಾಲ್ಕು ಅಕ್ಕಿಕಾಳು ಹಾಕು, ನೀರು ಹೀರಿಕೊಳ್ತಾವ ಅಂದ. ಮೂವರೂ ಗಟ್ಟಿಯಾಗಿಯೇ ಹೇಳಿದ್ದರು. ಯಾರ ಮಾತು ಹಿಡಿಯುವುದೋ ತಿಳಿಯದೆ, ಮಾರಿದವನಿಗೆ ಗೊತ್ತಿರಬೇಕು ಅಂದುಕೊಂಡೆ. ಲೈಟಿನ ಹಿಂದೆ ತಡಕಾಡಿದಾಗ ಒಂದು ಸಣ್ಣ ತೂತು ಸಿಕ್ಕಿತು. ನೀರು ಇದರಿಂದಲೇ ಒಳಗೆ ಹೋಗಿದೆ ಅಂತ ಅದನ್ನೂ ಗಾಜಿನ ಸುತ್ತಲಿನ ಅಂಚನ್ನೂ ಸಿಲಿಕಾನ್ ಅಂಟಿನಿಂದ ಮುಚ್ಚಿದೆ. ಇರಲಿ ಅಂತ ಎಡಗಡೆಯದಕ್ಕೂ ಹಾಗೇ ಮಾಡಿದೆ.

ಬಲಗಡೆಯ ಗಾಜಿನಲ್ಲಿ ಬೆವರು ಹೋಗಿ ಹನಿಗಳೇ ಇಳಿಯತೊಡಗಿದವು. ಅಲ್ಲಿಯವರೆಗೆ ಒಣಗಿದ್ದ ಎಡಗಡೆಯದೂ ಮಬ್ಬಾಯಿತು. ಮುಚ್ಚಿದ ಮೇಲೆ ನೀರು ಹೆಚ್ಚಾಗುವುದೆಂದರೇನು? ದಿನವೂ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಎರಡು ಗಾಜು ನೋಡುತ್ತಿದ್ದೆ.

ಒಂದು ಬೆಳಗ್ಗೆ ಕೆನಾಲಿನ ತಿರುವಿನಲ್ಲಿ ನನ್ನ ಬೆಳಕು ಚೆಲ್ಲಿದ ಹಾಲಿನ ಹಾಗೆ ಹರಡಿ, ರಸ್ತೆ ಯಾವುದು ಮಂಜು ಯಾವುದು ಗೊತ್ತಾಗದಾಯಿತು. ಮುಂದೆ ಏನೋ ಕರ್ರಗೆ ಅಲುಗಿತು. ಕುರಿ ಹಿಂಡು. ಬ್ರೇಕ್ ಒತ್ತಿದೆ. ಗಾಡಿ ಜಾರಿ ಮುಂದಿನ ಗಾಲಿ ದಂಡೆಯ ಅಂಚಿಗೆ ಹೋಗಿ ನಿಂತಿತು. ಕೆಳಗೆ ಕೆನಾಲು ತುಂಬಿ ಹರಿಯುತ್ತಿತ್ತು. ಕುರಿಗಳಿಗೂ ಏನೂ ಆಗಲಿಲ್ಲ, ಗಾಡಿಯಲ್ಲಿದ್ದ ಜನಕ್ಕೂ ಏನೂ ಆಗಲಿಲ್ಲ. ಕುರಿ ಕಾಯುವವ ಕಂಬಳಿ ಸರಿ ಮಾಡಿಕೊಳ್ಳುತ್ತ ಹತ್ತಿರ ಬಂದು ಲೈಟು ನೋಡಿದ.

"ಇಷ್ಟ್ ದೊಡ್ಡ ಲೈಟ್ ಇಟ್ಕೊಂಡು ಕುರಿ ಕಾಣಲಿಲ್ಲೇನು?"

ನಾನು ಗಾಡಿಯನ್ನು ಅಂಚಿನಿಂದ ಹಿಂದಕ್ಕೆ ತೆಗೆದೆ.

ಹೆಣ್ಣಾಳುಗಳನ್ನು ಕೂಡಿಸಿ ಕರೆತರುವ ಹಿರಿಯಳೊಬ್ಬಳಿದ್ದಳು. ಎಲ್ಲರೂ ಆಕೆಯನ್ನು ಅವ್ವ ಅನ್ನುತ್ತಿದ್ದರು, ನಾನೂ. ಆಕೆ ಮೊದಲು ಇಳಿದಳು. "ತಮ್ಮಾ, ನಿನ್ನ ಮ್ಯಾಲ ಸಿಟ್ಟಿಲ್ಲ. ಲೈಟ್ ಸುದ್ದ ಆಗೋತನಕ ನಾವು ನಡಕೊಂಡೇ ಹೋಗ್ತೀವಿ" ಅಂದಳು. ಎಲ್ಲರೂ ಬುತ್ತಿ ಎತ್ತಿಕೊಂಡು ಆಕೆಯ ಹಿಂದೆ ಹೊರಟರು. ಸ್ವಲ್ಪ ದೂರದಲ್ಲೇ ಮಂಜು ಅವರನ್ನು ಮುಚ್ಚಿತು. ಮಾತು ಮಾತ್ರ ಕೇಳುತ್ತಿತ್ತು.

ಮನೆಗೆ ಬಂದು ಎರಡೂ ಲೈಟು ಬಿಚ್ಚಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆದದ್ದೆಲ್ಲ ಹೇಳಿದೆ. ಆಕೆ ಕೈ ನಿಲ್ಲಿಸದೆ ಕೇಳಿದಳು.

"ಬಿಸಿ ರೊಟ್ಟಿ ಡಬ್ಬ್ಯಾಗಿಟ್ಟು ಮುಚ್ಚಳ ಬಿಗಿದ್ರ ಒಳಗ ನೀರು ಬಿಡ್ತಾವ. ಲೈಟ್ ಸೈತ ಬಿಸಿ ಆಗ್ತದಲ್ರಿ. ಗಾಳಿ ಆಡೋ ತೂತೇ ಮುಚ್ಚೀರೇನು?"

"ತೂತು ಬಿಟ್ರ ತೊಳೆಯೋ ನೀರು ಹೋಗ್ತದಲ್ಲ?"

"ಅದು ನನಗೇನು ಗೊತ್ತು? ಎಡಗಡೆದ್ರಾಗ ಯಾಕ ಹೋಗಲಿಲ್ಲ ಮೊದಲ?"

ಅದನ್ನೇ ಅಲ್ಲವೆ ನಾನು ಅಷ್ಟು ದಿನ ಕೇಳುತ್ತಿದ್ದದ್ದು. ಎರಡನ್ನೂ ಅಂಗಳದ ಹೊರಸಿನ ಮೇಲೆ, ಗಾಡಿಗೆ ಇದ್ದ ಹಾಗೆಯೇ ಪಕ್ಕಪಕ್ಕ ಇಟ್ಟು ನೋಡಿದೆ. ಗಾಜಿನ ಮೇಲೆ ಏನೋ ಇಂಗ್ಲಿಷ್ ಅಕ್ಷರಗಳಿದ್ದವು. ನನಗೆ ಓದಲು ಬಾರದು, ಆದರೆ ಬಲಗಡೆಯ ಅಕ್ಷರಗಳು ತಲೆಕೆಳಗಾಗಿದ್ದವು. ಹಾರ್ನು ತಪ್ಪಿಸಲು ಲೈಟನ್ನೇ ಬೋರಲು ಹಾಕಿದ್ದೆ. ಎಡಗಡೆಯದರ ತೂತು ಕೆಳಮುಖವಾಗಿ, ಒಳಗೆ ಹೋದ ನೀರೂ ಇಳಿದುಹೋಗುವಂತಿತ್ತು. ಬಲಗಡೆಯದು ಆಕಾಶ ನೋಡುತ್ತ, ನಾನು ಗಾಡಿ ತೊಳೆದಾಗಲೆಲ್ಲ ನೀರು ಕುಡಿದಿತ್ತು. ಆಮೇಲೆ ಅದನ್ನು ಒಳಗೇ ಇಟ್ಟು ಬಾಯಿ ಮುಚ್ಚಿದವನೂ ನಾನೇ.

ಅಂಟನ್ನೆಲ್ಲ ಕೆರೆದು, ಸ್ಕ್ರೂ ಬಿಚ್ಚಿ, ಗಾಜು ಬೇರೆ ಮಾಡಿ ಬಿಸಿಲಿಗಿಟ್ಟೆ. ಅಂಚಿನ ರಬ್ಬರಿನಲ್ಲಿ ಕೂತಿದ್ದ ಮಣ್ಣು ಒರೆಸಿದೆ. ಗಾಳಿ ಒಣಗಿರುವ ಮಧ್ಯಾಹ್ನವೇ ತಿರುಗಿ ಜೋಡಿಸಿ, ಹಾರ್ನನ್ನು ಪಕ್ಕಕ್ಕೆ ಸರಿಸಿ, ಎರಡರ ತೂತೂ ಕೆಳಗೆ ಬರುವಂತೆ ಕೂರಿಸಿದೆ.

ಹನಿಗಳು ಮತ್ತೆ ಬರಲಿಲ್ಲ. ಆದರೂ ಚಳಿ ಹೆಚ್ಚಾದ ಬೆಳಗುಗಳಲ್ಲಿ ಗಾಜಿನ ಮೂಲೆಯಲ್ಲಿ ತೆಳ್ಳಗೆ ಮಬ್ಬು ಮೂಡಿ, ಲೈಟು ಬಿಸಿಯಾದ ಮೇಲೆ ಹೋಗುತ್ತಿತ್ತು. ಅಂಗಡಿಯವ ಅದು ಇರೋದೇ ಅಂದ. ಯಾದಗಿರಿಯ ಮೆಕ್ಯಾನಿಕ್, ಇನ್ನೂ ಎಲ್ಲೋ ಸೋರಾಕತ್ತದ ಅಂದ. ಯಾರದು ಖರೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ಲೈಟು ತಿರುಗಿ ಜೋಡಿಸಿದ ಮರುದಿನ ಗಾಡಿ ತಂದು ನಿಲ್ಲಿಸಿದಾಗ ಅವ್ವ ಬಗ್ಗಿ ಗಾಜು ನೋಡಿದಳು.

"ಒಳಗ ಇನ್ನಾ ಮಬ್ಬು ಅದಲ್ಲ ತಮ್ಮಾ."

"ಹೌದವ್ವ. ಅದು ಯಾಕಂತ ತಿಳಿವಲ್ದು."

"ದಾರಿ ಕಾಣ್ತದೇನು?"

"ಕಾಣ್ತದ."

ಆಕೆ ತನ್ನ ಬುತ್ತಿ ಗಾಡಿಯೊಳಗೆ ಇಟ್ಟಳು. ಆಮೇಲೆ ಬಂದು ನನ್ನ ಪಕ್ಕದಲ್ಲೇ ಕೂತಳು. ಉಳಿದವರು ಹಿಂದೆ ಹತ್ತಿದರು. ಕೆನಾಲಿನ ಆ ತಿರುವು ಬರುವಾಗ ಆಕೆ ನನ್ನ ತೋಳು ಮುಟ್ಟಿದಳು, ನಾನು ಗೇರು ಇಳಿಸಿದೆ.