ಐದನೆಯ ಮಹಡಿಯ ಬೆಲ್

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಹೊತ್ತು. ಪ್ರಭಾಕರ ಮಂಚದ ಅಂಚಿನಲ್ಲಿ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದರು. ಎಷ್ಟು ಹೊತ್ತಾದರೂ ಏಳಲಿಲ್ಲ. ಹೋಗಿ ನೋಡಿದೆ. ಬಲಗೈ ಲೇಸ್ ಹಿಡಿದಿತ್ತು. ಎಡಗೈ ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಈ ಕೈ ನಂದಲ್ಲ ಅನಸ್ಲಿಕ್ಕತ್ತದ ನೋಡು," ಅಂದರು. ಮಾತು ತೊದಲುತ್ತಿತ್ತು.

ನಾನು ನರ್ಸ್. ಯಾರೂ ಹೇಳಬೇಕಾಗಿರಲಿಲ್ಲ.

ಸ್ಟ್ರೋಕ್.

ನನ್ನ ಗಂಡನಿಗೆ ಆಗ ನಲವತ್ಮೂರು. ನಾವು ಧಾರವಾಡದವರು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ನನ್ನ ನರ್ಸಿಂಗ್ ಕೆಲಸದ ಮೇಲೆಯೇ ಅಮೆರಿಕದ ವೀಸಾ ಸಿಕ್ಕಿತು. ನನ್ನ ಹಿಂದೆ ಅವರು, ಎರಡು ವರ್ಷದ ಮಗಳು ಶೀಲಾ, ಜರ್ಸಿ ಸಿಟಿಗೆ ಬಂದರು. ಅವರು ಪೇಂಟ್ ಫ್ಯಾಕ್ಟರಿಯಲ್ಲಿ ಕೆಮಿಸ್ಟ್ ಆದರು. ನಾನು ಏಳು ವರ್ಷದಿಂದ ಒಂದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಸರ್ಜಿಕಲ್ ವಾರ್ಡಿನಲ್ಲಿ. ಆಂಬ್ಯುಲೆನ್ಸ್ ಅವರನ್ನು ಅಲ್ಲಿಗೇ ಒಯ್ದಿತು. ನನಗೆ ಸಮಾಧಾನವಾಯಿತು. ನಮ್ಮವರೇ ಇದ್ದಾರಲ್ಲ ಅಂದುಕೊಂಡೆ.

ಆ ಆಸ್ಪತ್ರೆ ಹೇಗಾಗಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕೆಲಸ ಬಿಟ್ಟವರ ಜಾಗಕ್ಕೆ ಹೊಸಬರು ಬರುವುದು ನಿಂತು ವರ್ಷವಾಗಿತ್ತು. ಆಮೇಲೆ ಏಡ್‌ಗಳನ್ನು, ಅಂದರೆ ರೋಗಿಗಳನ್ನು ಎಬ್ಬಿಸಿ, ಕೂರಿಸಿ, ಒರೆಸಿ, ನಡೆಸುವವರನ್ನು, ಒಬ್ಬೊಬ್ಬರಾಗಿ ತೆಗೆದರು. ಅವರ ಕೆಲಸ ನಮ್ಮ ಮೇಲೆ ಬಿತ್ತು. ಕೋಣೆಯ ಬಾಗಿಲ ಮೇಲೆ ಬೆಲ್ಲಿನ ದೀಪ ಹತ್ತಿದ್ದರೂ ಆ ಕಡೆ ಕಣ್ಣು ಹಾಯಿಸದೆ ಕಾರಿಡಾರ್ ದಾಟುವುದನ್ನು ನಾವು ಕಲಿತಿದ್ದೆವು. ನಾವು ಕೆಟ್ಟವರಾಗಿರಲಿಲ್ಲ. ದಣಿದಿದ್ದೆವು. ಆದರೆ ಹಾಸಿಗೆಯಲ್ಲಿ ಮಲಗಿದವರಿಗೆ ಆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಪ್ರಭಾಕರರನ್ನು ಐದನೆಯ ಮಹಡಿಗೆ ಹಾಕಿದರು. ಅಲ್ಲಿ ಹಗಲಿನ ನರ್ಸ್ ಡೋರಿಸ್. ಇಪ್ಪತ್ತು ವರ್ಷದಿಂದ ಅದೇ ಮಹಡಿಯಲ್ಲಿದ್ದ, ಐವತ್ತು ದಾಟಿದ ಕಪ್ಪು ಹೆಂಗಸು. ನಾನು ಹೊಸಬಳಾಗಿ ಬಂದಾಗ ಕ್ಯಾಂಟೀನಿನಲ್ಲಿ ತಾನಾಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡವಳು. ಈಗ ಊಟದ ಅರ್ಧ ಗಂಟೆಯಲ್ಲಿ ನಾನು ಮೇಲೆ ಓಡಿಹೋಗಿ ಇವರಿಗೆ ಉಣಿಸಿ ಬರುತ್ತಿದ್ದೆ. ಇವರು ಸಂಕೋಚದ ಮನುಷ್ಯ. ಬೆಡ್‌ಪ್ಯಾನ್ ಕೇಳಲು ನಾಚಿಕೆ. ನಾನು ಬರುವವರೆಗೂ ತಡೆದುಕೊಂಡಿರುತ್ತಿದ್ದರು.

ಒಂದು ವಾರದಲ್ಲಿ ಎಡಗೈ ಬೆರಳುಗಳು ಅಲುಗಿದವು. ಮಾತು ತಿಳಿಯಾಯಿತು. ಬೇಸಿಗೆಯ ಹೊತ್ತಿಗೆ ಕೋಲು ಹಿಡಿದು ನಡೆಯುತ್ತಾರೆ ಎಂದರು ಡಾಕ್ಟರು.

ಒಂಬತ್ತನೆಯ ದಿನ ಮಧ್ಯಾಹ್ನ ನಮ್ಮ ವಾರ್ಡಿಗೆ ಫೋನ್ ಬಂತು.

ನಿಮ್ಮ ಗಂಡ ಬಿದ್ದಿದ್ದಾರೆ.

ಬೆಲ್ ಒತ್ತಿದ್ದರು. ಯಾರೂ ಬರಲಿಲ್ಲ. ಮತ್ತೆ ಒತ್ತಿದರು. ಹಾಸಿಗೆಯಲ್ಲೇ ಆಗಿಹೋದೀತೆಂಬ ಹೆದರಿಕೆಗೆ ಒಂದೇ ಕಾಲಿನ ಬಲದ ಮೇಲೆ ಎದ್ದು ಬಾತ್‌ರೂಮಿನ ಕಡೆ ಹೊರಟರು. ಎರಡು ಹೆಜ್ಜೆ. ಸೊಂಟದ ಮೂಳೆ ಮುರಿದಿತ್ತು.

ಸಂಜೆ ಮನೆಯಲ್ಲಿ ಶೀಲಾಗೆ ಹೇಳಿದೆ. ಅವಳಿಗೆ ಒಂಬತ್ತು ವರ್ಷ.

"ಮಮ್ಮಿ, ಬಟ್ ಯು ವರ್ಕ್ ದೇರ್."

ಮರುದಿನ ನರ್ಸಿಂಗ್ ಸೂಪರ್‌ವೈಸರ್ ಕರೆಸಿದಳು. ಇನ್ಸಿಡೆಂಟ್ ರಿಪೋರ್ಟ್ ಸಿದ್ಧವಾಗಿತ್ತು. ಕರ್ತವ್ಯದಲ್ಲಿದ್ದ ನರ್ಸ್ ಬೆಲ್ಲಿಗೆ ಓಗೊಡಲಿಲ್ಲ ಎಂದು ಬರೆದಿತ್ತು. ಕುಟುಂಬದವಳಾಗಿ ನಾನು ಸಹಿ ಮಾಡಬೇಕಿತ್ತು. ಇಡೀ ರಾತ್ರಿ ಡೋರಿಸಳನ್ನು ಮನಸ್ಸಿನಲ್ಲೇ ಬೈದಿದ್ದೆ. ಪೆನ್ನು ಕೈಗೆ ತೆಗೆದುಕೊಂಡೆ.

ಆಗ ನೆನಪಾಯಿತು. ಫೋನ್ ಬರುವ ಸ್ವಲ್ಪ ಮುಂಚೆ ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕ ನೀರಿಗಾಗಿ ಬೆಲ್ ಒತ್ತಿದ್ದ. ನಾನು ಹೋಗಿ ದೀಪ ಆರಿಸಿ, ಒಂದು ನಿಮಿಷ ಎಂದು ಹೇಳಿ ಬಂದಿದ್ದೆ. ಮತ್ತೆ ಹೋಗಲೇ ಇಲ್ಲ. ಪಕ್ಕದ ಹಾಸಿಗೆಯವನು ಎದ್ದು ಅವನಿಗೆ ನೀರು ಕೊಟ್ಟನಂತೆ. ನನ್ನ ಮುದುಕನಿಗೆ ಪಕ್ಕದವನಿದ್ದ. ನನ್ನ ಗಂಡನ ಪಕ್ಕದ ಹಾಸಿಗೆ ಖಾಲಿಯಿತ್ತು. ನನಗೂ ಡೋರಿಸಳಿಗೂ ಇದ್ದ ಅಂತರ ಅಷ್ಟೇ.

ನಿನ್ನೆ ಆ ಮಹಡಿಯಲ್ಲಿ ಕೆಲಸಕ್ಕೆ ಎಷ್ಟು ಜನ ಇದ್ದರು ಎಂದು ಸೂಪರ್‌ವೈಸರನ್ನು ಕೇಳಿದೆ. ಈ ಫಾರ್ಮಿನಲ್ಲಿ ಅದು ಬರುವುದಿಲ್ಲ ಎಂದಳು. ಯೋಚಿಸಬೇಕು ಎಂದು ಹೇಳಿ ಪೆನ್ನು ಇಟ್ಟು ಬಂದೆ. ವಿಚಾರಿಸಿದಾಗ ತಿಳಿಯಿತು. ಮೂವತ್ತನಾಲ್ಕು ರೋಗಿಗಳು, ಡೋರಿಸ್ ಒಬ್ಬಳೇ. ಇದ್ದೊಬ್ಬ ಏಡನ್ನು ಎಮರ್ಜೆನ್ಸಿಗೆ ಕಳಿಸಿದ್ದರು. ಕಾರಿಡಾರಿನ ಆ ತುದಿಯಲ್ಲಿ ರಕ್ತ ಕಾರುತ್ತಿದ್ದ ಹೆಂಗಸೊಬ್ಬಳನ್ನು ಹಿಡಿದುಕೊಂಡು ಡೋರಿಸ್ ನಿಂತಿದ್ದಳು. ಬಿಡುವಂತಿರಲಿಲ್ಲ.

ಇವರಿಗೆ ಎಲ್ಲವನ್ನೂ ಹೇಳಿದೆ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದರು. ಆದರೂ ಕೇಳಿಸಿಕೊಂಡರು.

"ಆಕಿ ಮ್ಯಾಲೆ ಏನೂ ಬರೀಬ್ಯಾಡ," ಅಂದರು. "ಬಂದಾಕಿನ ನೆಲದ ಮ್ಯಾಲೆ ನನ್ನ ಬಾಜೂ ಕೂತ್ಲು. ನನ್ನ ತಲಿ ತೊಡಿ ಮ್ಯಾಲೆ ಇಟಗೊಂಡ್ಲು."

ನಾನು ಬೇರೆ ಹಾಳೆ ತೆಗೆದುಕೊಂಡು ಬರೆದೆ. ರೋಗಿಗಳೆಷ್ಟು, ನರ್ಸ್ ಎಷ್ಟು, ಏಡ್ ಎಲ್ಲಿದ್ದಳು, ಯಾರು ಕಳಿಸಿದರು. ಮೂರನೆಯ ಮಹಡಿಯಲ್ಲಿ ನಾನು ಆರಿಸಿದ ದೀಪದ ಸಂಗತಿಯನ್ನೂ ಬರೆದೆ. ಬರೆಯುವಾಗ ಕೈ ತಡೆಯಿತು. ನನ್ನ ಕೆಲಸ ಹೋದರೆ ಈ ಮನೆ ನಡೆಯುವುದು ಹೇಗೆ? ಆದರೂ ಸಹಿ ಹಾಕಿದೆ.

ಸೂಪರ್‌ವೈಸರ್ ಎರಡು ಸಲ ಓದಿದಳು. ಅವಳ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಇದು ಫೈಲಿಗೆ ಹೋಗಲೇಬೇಕೇ?"

"ಹೋಗಬೇಕು," ಎಂದೆ.

ಸೊಂಟದ ಆಪರೇಷನ್ ಚೆನ್ನಾಗಿಯೇ ಆಯಿತು. ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ ಅವರನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದಾಗ ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಹೋಯಿತು.

ನಾನು ಎರಡು ಮಹಡಿ ಹತ್ತುವುದರೊಳಗೆ ಮುಗಿದಿತ್ತು.

ಈಗ ನಾಲ್ಕು ತಿಂಗಳು. ಕೆಲಸಕ್ಕೆ ಹೋಗುತ್ತಿದ್ದೇನೆ. ಲಿಫ್ಟಿನಲ್ಲಿ ಐದು ಎಂಬ ಗುಂಡಿಯ ಕಡೆ ನೋಡುವುದಿಲ್ಲ. ಶೀಲಾ ಆಸ್ಪತ್ರೆಯ ಮಾತೆತ್ತುವುದಿಲ್ಲ. ನನ್ನ ಯೂನಿಫಾರ್ಮ್ ಕಂಡರೆ ಬೇರೆ ಕೋಣೆಗೆ ಹೋಗುತ್ತಾಳೆ. ಅವಳ ಸಿಟ್ಟು ಇಳಿಯಲು ಕಾಲ ಬೇಕು. ನನ್ನ ಹಾಳೆ ಫೈಲಿನಲ್ಲಿದೆ. ಆದರೂ ಡೋರಿಸಳನ್ನು ಎರಡು ವಾರ ಸಸ್ಪೆಂಡ್ ಮಾಡಿದರು. ಐದನೆಯ ಮಹಡಿಯ ಏಡನ್ನು ಇನ್ನು ಬೇರೆಡೆ ಕಳಿಸಬಾರದು ಎಂದು ಆದೇಶವಾಯಿತು. ಒಬ್ಬ ಏಡ್. ಒಂದು ಜೀವಕ್ಕೆ ಬದಲಾಗಿ ಅಷ್ಟು. ಅದಕ್ಕೂ ಕೃತಜ್ಞಳಾಗಿರಬೇಕೆಂದು ಪ್ರಯತ್ನಿಸುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಕಳೆದ ಶನಿವಾರ ಡೋರಿಸ್ ಮನೆಗೆ ಬಂದಳು. ಕೋಟು ತೆಗೆಯದೆ ಕೂತಳು. ಯಾರನ್ನೂ ಕೇಳಲಾರದೆ ಉಳಿದಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಿದೆ. ಅವರು ನೆಲದ ಮೇಲೆ ಒಬ್ಬರೇ ಎಷ್ಟು ಹೊತ್ತು ಬಿದ್ದಿದ್ದರು?

ಅವಳು ತಲೆ ತಗ್ಗಿಸಲಿಲ್ಲ.

"ಇಪ್ಪತ್ತು ನಿಮಿಷ," ಎಂದಳು. "ಕೂಗುವುದು ನನಗೆ ಕೇಳಿಸುತ್ತಿತ್ತು."

ಸುಳ್ಳು ಹೇಳಬಹುದಿತ್ತು. ಎರಡು ನಿಮಿಷ ಎಂದಿದ್ದರೂ ನಂಬುತ್ತಿದ್ದೆ. ನಾನು ಅತ್ತೆ, ಅವಳೂ ಅತ್ತಳು. ಆಮೇಲೆ ಅವಳ ಕೋಟು ಇಸಿದುಕೊಂಡು ಗೂಟಕ್ಕೆ ತೂಗುಹಾಕಿ, ಇಬ್ಬರಿಗೂ ಚಹಾಕ್ಕೆ ನೀರಿಟ್ಟೆ.