ಒಣ ಗರಿಗಳ ಕೊನೆಯ ದಿನ

ಬಹ್ರೇನಿನಲ್ಲಿದ್ದಾಗ ನಾನು ಸಲ್ಮಾಬಾದಿನ ಒಂದು ಗೋದಾಮಿನ ಆಫೀಸಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಪೈಪು, ನಲ್ಲಿ, ಬಣ್ಣದ ಡಬ್ಬಗಳ ನಡುವೆ ಒಂದು ಮೇಜು, ಒಂದು ಫ್ಯಾಕ್ಸ್ ಯಂತ್ರ, ನಾನು. ಮಾಲೀಕರು ಅಲ್ಲಿಯವರೇ. ಅವರ ತಾಯಿಗೆ ಪಶ್ಚಿಮದ ಹಳ್ಳಿಯೊಂದರಲ್ಲಿ ಖರ್ಜೂರದ ತೋಟವಿತ್ತು. ಕಾಗದಪತ್ರ ಅಂದರೆ ಮಾಲೀಕರಿಗೆ ತಲೆನೋವು. ಹಾಗಾಗಿ ತೋಟದ ಫೈಲೂ ನನ್ನ ಕಪಾಟಿನಲ್ಲೇ ಇರುತ್ತಿತ್ತು.

ಒಂದು ಸೆಪ್ಟೆಂಬರಿನಲ್ಲಿ, ಅವರು ಸಾಮಾನು ಖರೀದಿಗೆ ಮುಂಬೈಗೆ ಹೋಗಿದ್ದಾಗ, ಬುಧವಾರ ಮಧ್ಯಾಹ್ನ ಆ ಫೈಲಿನಿಂದ ಒಂದು ಅರಬಿ ಪತ್ರ ಜಾರಿ ಬಿತ್ತು. ನನ್ನ ಅರಬಿ ಆಫೀಸಿಗೆ ಸಾಕಾಗುವಷ್ಟೇ. ಆದರೂ ವಿಷಯ ತಿಳಿಯಿತು. ತೋಟಗಳಿಗೆ ಬೆಂಕಿ ಬೀಳುವುದನ್ನು ತಡೆಯಲು ಒಣ ಗರಿಗಳನ್ನೆಲ್ಲ ತೆಗೆಸಬೇಕು. ತೆರವಾದ ಜಾಗದ ಫೋಟೋ, ಒಡೆಯರ ಸಹಿ ಇರುವ ಅರ್ಜಿ ಮತ್ತು ಬೆಂಕಿ ತಡೆ ಶುಲ್ಕವನ್ನು ಶನಿವಾರದೊಳಗೆ ಕಚೇರಿಗೆ ಕೊಡಬೇಕು. ತಪ್ಪಿದರೆ ದಂಡ.

ಮುಂಬೈಗೆ ಫೋನ್ ಮಾಡಿದೆ. "ಶನಿವಾರ ತಾನೇ? ಇನ್ನೂ ಮೂರು ದಿನ ಇದೆ. ನೀನು ಮಾಡುತ್ತೀ" ಎಂದು ಮಾಲೀಕರು ಫೋನ್ ಇಟ್ಟೇಬಿಟ್ಟರು.

ನಮ್ಮ ಡ್ರೈವರ್ ಬಂಟ್ವಾಳದ ಕಡೆಯ ಬ್ಯಾರಿ, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಎಲ್ಲರೂ ಅವರನ್ನು ಕಾಕ ಅನ್ನುತ್ತಿದ್ದೆವು. ಊರಿನ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಅನ್ನುತ್ತಿದ್ದರು.

"ಕಾಕ, ಶನಿವಾರ ಬೆಳಿಗ್ಗೆ ತೋಟಕ್ಕೆ ಹೋಗುವ" ಎಂದೆ.

ಕಾಕ ಕಣ್ಣರಳಿಸಿದರು. "ಶನಿವಾರ ಎಂತ ಮಾಡ್ಲಿಕ್ಕೆ ಬಾಯಮ್ಮ? ಈಗ ಸರಕಾರಿ ಆಫೀಸಿಗೆ ಶುಕ್ರವಾರ, ಶನಿವಾರ ರಜೆ ಅಲ್ವಾ ಮಾರಾಯ್ರೆ! ಗುರುವಾರದ ರಜೆ ತೆಗೆದು ಶನಿವಾರಕ್ಕೆ ಹಾಕಿದ್ದಾರೆ."

ಹೌದು! ಆ ತಿಂಗಳಿನಿಂದಲೇ ದೇಶದ ವಾರದ ರಜೆ ಬದಲಾಗಿತ್ತು. ನಮ್ಮ ಗೋದಾಮಿಗೆ ಶುಕ್ರವಾರ ಮಾತ್ರ ರಜೆಯಾದ್ದರಿಂದ ನನಗೆ ಅದರ ಬಿಸಿ ತಟ್ಟಿರಲಿಲ್ಲ. ಅಂದರೆ ನಮಗೆ ಉಳಿದದ್ದು ಗುರುವಾರ ಮಧ್ಯಾಹ್ನ ಆಫೀಸು ಮುಚ್ಚುವವರೆಗೆ ಮಾತ್ರ.

ಅವಾಲಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡನ ಪುಟ್ಟ ಕ್ಯಾಮೆರಾ ಹಿಡಿದು, ಗುರುವಾರ ಬೆಳಿಗ್ಗೆ ಆರೂವರೆಗೆ ರಿಫಾದ ನಮ್ಮ ಫ್ಲ್ಯಾಟಿನ ಕೆಳಗೆ ಪಿಕಪ್ ಹತ್ತಿದೆ. ಹಿಂದೆ ಗೋದಾಮಿನ ಇಬ್ಬರು ಕೆಲಸಗಾರರು ಹಗ್ಗ, ಕತ್ತಿ ಇಟ್ಟುಕೊಂಡು ಕುಳಿತಿದ್ದರು.

ತೋಟದ ಒಡತಿಯನ್ನು ಊರೆಲ್ಲ ಹಜ್ಜಿಯಾ ಅನ್ನುತ್ತಿತ್ತು. ಹಜ್ ಮಾಡಿ ಬಂದ ಹಿರಿಯ ಹೆಂಗಸು ಎಂಬ ಗೌರವ. ಗಂಡ ಬದುಕಿದ್ದಾಗ ಕೆಲವು ವರ್ಷ ಬೊಂಬಾಯಿಯಲ್ಲಿ ವ್ಯಾಪಾರ ಮಾಡುವಾಗ ಜೊತೆಗಿದ್ದುದರಿಂದ ಅವರಿಗೆ ಅಲ್ಲಿಯ ಬೀದಿಯ ಹಿಂದಿ ಚೆನ್ನಾಗಿ ಬರುತ್ತಿತ್ತು. ನಾವು ಹೋದಾಗ ಮಣ್ಣಿನ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದರು. ಅವರ ಬೆನ್ನ ಹಿಂದೆ, ಗೋಡೆಗಿಂತ ಎತ್ತರಕ್ಕೆ, ಒಣ ಗರಿಗಳ ಬೆಟ್ಟ.

ನಾನು ಪತ್ರ ತೋರಿಸಿ ವಿಷಯ ಹೇಳಿದೆ.

"ಕಾಯ್ಕು? ಯಾಕಂತೆ?" ಎಂದರು. "ಅದು ನನ್ನ ಒಲೆಯ ಸೌದೆ. ನಾನು ಮದುವೆಯಾಗಿ ಬಂದಾಗಿನಿಂದ ಗರಿ ಅಲ್ಲೇ ಇದೆ. ಬೆಂಕಿ ಬಿದ್ದಿದೆಯಾ?"

ಒಲೆಯಿಂದ ಗರಿಗಳಿಗೆ ಹತ್ತು ಹೆಜ್ಜೆ ಇರಲಿಲ್ಲ. ನಾನು ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ನಮ್ಮ ಅಜ್ಜಿಯೂ ಹೀಗೇ ಬಚ್ಚಲಿನ ಹಿಂದೆ ತೆಂಗಿನ ಮಡಲು ಒಟ್ಟುತ್ತಿದ್ದಳು, ಒಂದು ಏಪ್ರಿಲಿನಲ್ಲಿ ಬಚ್ಚಲೊಲೆಯ ಕಿಡಿ ಹಾರಿ ಅಷ್ಟೂ ಹೊತ್ತಿಕೊಂಡಿತು, ನೆರೆಯವರೆಲ್ಲ ಬಾವಿಯಿಂದ ಕೊಡಪಾನ ಸಾಗಿಸಿ ಆರಿಸಿದರು ಎಂದು ಹೇಳಿದೆ.

"ನಿನ್ನ ಅಜ್ಜಿ ಏನು ಮಾಡಿದಳು?"

"ಮೊದಲು ಕೋಳಿಗಳನ್ನು ಎಣಿಸಿದಳು. ಆಮೇಲೆ ನಮ್ಮನ್ನು."

ಹಜ್ಜಿಯಾ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಒಮ್ಮೆ ಒಲೆಯನ್ನೂ ಒಮ್ಮೆ ಗರಿಗಳನ್ನೂ ನೋಡಿದರು. "ಸರಿ, ತೆಗೆಯಿರಿ. ಒಂದು ವಾರದ ಸೌದೆ ಬಿಡಬೇಕು, ಅಗೋ ಆ ಮೂಲೆಯಲ್ಲಿ, ದೂರ. ಆದರೆ ಮೊದಲು ತಿನ್ನಿ."

"ಹೊತ್ತಾಗುತ್ತದೆ ಹಜ್ಜಿಯಾ."

"ತಿನ್ನದವರು ನನ್ನ ಗರಿ ಮುಟ್ಟಬಾರದು."

ತಿಂದೆವು. ಬಿಸಿ ರೊಟ್ಟಿ, ತುಪ್ಪ, ಖರ್ಜೂರದ ಪಾಕ. ಕಾಕ ಮೂರು ತಿಂದರು. ಆಮೇಲೆ ಎಲ್ಲರೂ ಕೈಹಾಕಿದೆವು. ಸೆಪ್ಟೆಂಬರಿನ ಆ ಸೆಖೆಯಲ್ಲಿ ಗರಿಯ ಮುಳ್ಳು ಚುಚ್ಚಿಸಿಕೊಳ್ಳುತ್ತ, ಪಿಕಪ್ಪಿನಲ್ಲಿ ಆರು ಸಲ ಊರಾಚೆಯ ಕಸದ ಜಾಗಕ್ಕೆ ಹೊತ್ತು ಹಾಕಿ ಬರುವಷ್ಟರಲ್ಲಿ ನನ್ನ ಚೂಡಿದಾರ ಹಿಂಡಿದರೆ ನೀರು. ಬುಡದಲ್ಲಿ ಹಜ್ಜಿಯಾ ಕಳೆದುಕೊಂಡಿದ್ದ ಒಂದು ತಾಮ್ರದ ಸೌಟು ಸಿಕ್ಕಿತು. ಅದನ್ನು ತಲೆವಸ್ತ್ರದ ಅಂಚಿನಲ್ಲಿ ಒರೆಸುತ್ತ, ಎಷ್ಟೋ ವರ್ಷಗಳ ಹಿಂದೆ ಇದನ್ನು ಕದ್ದಳೆಂದು ನಾದಿನಿಯ ಜೊತೆ ಮಾತು ಬಿಟ್ಟಿದ್ದೆ ಎಂದರು.

ಫೋಟೋ ತೆಗೆಯಲು ಹೋದರೆ ಅವರು ಒಳಗೆ ಹೋಗಿ ಒಳ್ಳೆಯ ಅಬಾಯಾ ಹಾಕಿಕೊಂಡು ಬಂದು ಸರಿಯಾಗಿ ನಡುವೆ ನಿಂತರು, ಕೈಯಲ್ಲಿ ಸೌಟು.

"ಜಾಗದ ಫೋಟೋ ಬೇಕಾದದ್ದು" ಎಂದೆ.

"ಜಾಗ ಯಾರದು?" ಎಂದರು.

ಒಂದು ಅವರದು ತೆಗೆದೆ, ಒಂದು ಬರಿಯ ಜಾಗದ್ದು. ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟಾಗ ಹನ್ನೊಂದೂಕಾಲು. ದಾರಿಯ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ, ಕಾಕ ಸಿಗ್ನಲ್ಲುಗಳನ್ನೆಲ್ಲ ಬ್ಯಾರಿ ಭಾಷೆಯಲ್ಲಿ ಬಯ್ಯುತ್ತ ಓಡಿಸಿ, ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಕೌಂಟರಿನ ಮುಂದೆ ನಿಂತೆವು. ನನ್ನ ತಲೆಗೂದಲಲ್ಲಿ ಗರಿಯ ಚೂರು ಇದ್ದದ್ದು ನನಗೆ ಗೊತ್ತಿರಲಿಲ್ಲ.

ಕೌಂಟರಿನ ಯುವಕ ಅರ್ಜಿಯನ್ನು ಬೆಳಕಿಗೆ ಹಿಡಿದ. ಹೆಬ್ಬೆಟ್ಟಿನ ಸುತ್ತ ಎಣ್ಣೆಯ ಉಂಗುರ.

"ಇದೇನು?"

"ತುಪ್ಪ" ಎಂದೆ. ಬೇರೇನು ಹೇಳಲಿ?

ಅವನು ಗಂಭೀರವಾಗಿ ಮೂಸಿ ನೋಡಿದ. ಆಮೇಲೆ ಹಜ್ಜಿಯಾ ಸೌಟು ಹಿಡಿದು ನಿಂತ ಫೋಟೋ ನೋಡಿ ತುಟಿ ಬಿಗಿಹಿಡಿದ. ಜಾಗದ ಫೋಟೋವನ್ನು ಅರ್ಜಿಗೆ ಅಂಟಿಸಿ, ಶುಲ್ಕ ತೆಗೆದುಕೊಂಡು ಠಸ್ಸೆ ಒತ್ತಿದ. ಇನ್ನೊಂದನ್ನು ಮರಳಿಸುತ್ತ ಹೇಳಿದ: "ಇಷ್ಟು ಅವಸರ ಯಾಕೆ ಮಾಡಿದಿರಿ ಮೇಡಂ? ಕೊನೆಯ ದಿನ ರಜೆಯಲ್ಲಿ ಬಂದರೆ ಭಾನುವಾರ ಕೊಟ್ಟರೂ ನಡೆಯುತ್ತದೆ."

ನಾನು ಕಾಕನ ಮುಖ ನೋಡಿದೆ. ಕಾಕ ಮೇಲಿನ ಫ್ಯಾನು ನೋಡಿದರು. ಹೊರಗೆ ಬಂದ ಮೇಲೆ ಮೆಲ್ಲಗೆ, "ಭಾನುವಾರ ಹೋಗಿದ್ರೆ ಆ ಅಜ್ಜಿ ಮನಸ್ಸು ಬದಲಾಯಿಸ್ತಿದ್ರು ಬಾಯಮ್ಮ" ಎಂದರು. ಸಿಟ್ಟು ಬರುವ ಬದಲು ನಗು ಬಂತು. ಪಿಕಪ್ಪಿಗೆ ಒರಗಿಕೊಂಡು ಇಬ್ಬರೂ ನಕ್ಕೆವು.

ಹತ್ತು ದಿನಗಳ ನಂತರ ಹಜ್ಜಿಯಾ ಗೋದಾಮಿಗೇ ಬಂದರು. ಅವರ ಹಿಂದೆ ಮೂವರು ಮುದುಕಿಯರು, ಒಬ್ಬೊಬ್ಬರ ಕೈಯಲ್ಲೂ ಅದೇ ನಮೂನೆಯ ಪತ್ರ. ಮುಂಬೈಯಿಂದ ಮರಳಿದ್ದ ಮಾಲೀಕರು ತಾಯಿಯನ್ನು ಕಂಡು ಎದ್ದು ನಿಂತರು. ಅವರು ಮಗನ ಕಡೆ ತಿರುಗಿಯೂ ನೋಡದೆ, ನನ್ನತ್ತ ಬೊಟ್ಟು ಮಾಡಿ, "ಇವಳೇ" ಎಂದರು.

ಬಣ್ಣದ ಡಬ್ಬಗಳ ಮೇಲೆ ರಟ್ಟು ಹಾಸಿ ಅವರನ್ನು ಕೂರಿಸಿ ಪತ್ರಗಳನ್ನು ಬಿಡಿಸಿದೆ. ಮೂವರ ಕೊನೆಯ ದಿನವೂ ದಾಟಿಹೋಗಿತ್ತು. ಅವರಲ್ಲಿ ಯಾರಿಗೂ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ತಮ್ಮ ತೋಟಗಳಲ್ಲಿ ಯಾರದು ದೊಡ್ಡದು ಎಂದು ಜೋರಾಗಿ ವಾದಿಸುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದು ಮೊದಲನೆಯ ಅರ್ಜಿ ಬರೆಯತೊಡಗಿದೆ.