ಕತ್ತಿ ಕೆಳಗಿಟ್ಟ ಕ್ಷೌರಿಕ

ಅವನಿಗೆ ಬುಗುರಿ ಎಂದು ಹೆಸರಿಟ್ಟವರು ಗಿರಾಕಿಗಳೇ. ಒಬ್ಬರ ಕೂದಲು ಕತ್ತರಿಸಿ ಮುಗಿಸುವಷ್ಟರಲ್ಲಿ ಕುರ್ಚಿಗೆ ಹತ್ತು ಸುತ್ತು ಹಾಕುತ್ತಿದ್ದ. ನಡುವೆ ಬಾಗಿಲಿಗೆ ಹೋಗಿ ಬೀದಿ ನೋಡಿ, ರೇಡಿಯೊದ ಕಿವಿ ತಿರುಪಿ, ಎರಡು ಗುಟುಕು ಚಹಾ ಹೀರಿ ಬರುತ್ತಿದ್ದ. ಆದರೆ ಗಡ್ಡ ಬೋಳಿಸುವ ಕತ್ತಿ ಕೈಗೆ ಬಂತೆಂದರೆ ಮನುಷ್ಯನೇ ಬೇರೆ. ಇಪ್ಪತ್ತೆರಡು ವರ್ಷಗಳಲ್ಲಿ ಯಾರ ಕೆನ್ನೆಯ ಮೇಲೂ ಒಂದು ಗೀರು ಬಿದ್ದಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಮೇಷ್ಟ್ರ ಗಂಟಲ ಮೇಲೆ ಕತ್ತಿ ಆಡಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಅವನ ಎದೆ ಡವಗುಟ್ಟತೊಡಗಿತು. ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತು, ಬೆರಳ ತುದಿ ಜುಮ್ಮೆಂದಿತು. ಇನ್ನೊಂದು ಕ್ಷಣ ನಿಂತರೆ ತಾನು ಸಾಯುತ್ತೇನೆ, ಇಲ್ಲವೇ ಮೇಷ್ಟ್ರನ್ನೇ ಸಾಯಿಸುತ್ತೇನೆ ಅನ್ನಿಸಿ, ಕತ್ತಿಯನ್ನು ಬೇಸಿನ್ನಿಗೆ ಹಾಕಿ ಬೀದಿಗೆ ಓಡಿದ. ಮೇಷ್ಟ್ರು ಅರ್ಧ ಗಡ್ಡದಲ್ಲೇ ಪಾಠ ಮಾಡಿದರಂತೆ.

ಹೆಂಡತಿ ಆಸ್ಪತ್ರೆಗೆ ಕರೆದೊಯ್ದಳು. ಎದೆಗೆ ತಂತಿ ಅಂಟಿಸಿ ನೋಡಿದರು, ರಕ್ತ ತೆಗೆದು ನೋಡಿದರು. ಹೃದಯದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಅದೇ ವಾರ ಮತ್ತೆರಡು ಸಲ ಹಾಗೇ ಆಯಿತು. ಅವನು ಗಡ್ಡದ ಕೆಲಸವನ್ನೇ ಬಿಟ್ಟ. ಬಂದವರಿಗೆ ಒಂದು ದಿನ ಬ್ಲೇಡು ಮುಗಿದಿದೆ ಎಂದ, ಇನ್ನೊಂದು ದಿನ ಕೈ ಉಳುಕಿದೆ ಎಂದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಹೊತ್ತುಹೊತ್ತಿಗೂ ಕತ್ತಿನ ನರ ಮುಟ್ಟಿ ಬಡಿತ ಎಣಿಸುತ್ತಿದ್ದ. ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲದಂತಾಯಿತು.

ಎರಡು ತಿಂಗಳಾದ ಮೇಲೆ ಹೆಂಡತಿ ಅವನನ್ನು ಮನಸ್ಸಿನ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಅವರು ಮಾತ್ರೆಯ ಮಾತೆತ್ತಿದಾಗ ಬುಗುರಿ ತಡೆದ.

"ತೂಕಡಿಸ್ತಾ ಕತ್ತಿ ಹಿಡಿಯೋದು ಹ್ಯಾಗೆ ಡಾಕ್ಟ್ರೇ?"

ಅವರು ಬಲವಂತ ಮಾಡಲಿಲ್ಲ. ಮಾತ್ರೆಯಿಂದ ಸುಧಾರಿಸಿದವರು ಬೇಕಾದಷ್ಟಿದ್ದಾರೆ, ಎಲ್ಲಕ್ಕೂ ತೂಕಡಿಕೆ ಬರುವುದಿಲ್ಲ, ಬೇಕೆನಿಸಿದರೆ ಮುಂದೆ ನೋಡೋಣ ಎಂದರು. ಆಮೇಲೆ ನಿಧಾನವಾಗಿ ಹೇಳಿದರು:

"ಹೆದರಿಕೆ ಬಂದಾಗೆಲ್ಲ ನೀವು ಓಡ್ತಿದ್ದೀರಿ. ಓಡಿದ್ದಕ್ಕೇ ಬದುಕ್ಕೊಂಡೆ ಅಂತ ಮನಸ್ಸು ನಂಬಿಬಿಟ್ಟಿದೆ. ಓಡದೆ ನಿಂತರೂ ಸಾಯಲ್ಲ ಅಂತ ಅದಕ್ಕೆ ತೋರಿಸ್ಬೇಕು."

ಅವರು ಹೇಳಿದಂತೆ, ದಿನಕ್ಕೆ ಒಂಬತ್ತಿದ್ದ ಚಹಾ ಎರಡಕ್ಕಿಳಿಯಿತು. ತಲೆ ಸಿಡಿದುಹೋಗುತ್ತದೆಂದು ಮೊದಲ ವಾರ ಎಲ್ಲರ ಮೇಲೂ ಹರಿಹಾಯ್ದ. ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆದ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದನ್ನು ಕಲಿತ. ಅಂಗಡಿಯ ಬಾಗಿಲು ಮುಚ್ಚಿಕೊಂಡು ಬಲೂನಿಗೆ ನೊರೆ ಹಚ್ಚಿ ಬೋಳಿಸಿದ. ಮೊದಲ ದಿನ ಮೂರು ಒಡೆದವು. ಕತ್ತಿ ಹಿಡಿಯುವಾಗ ಹೆದರಿಕೆ ಎಷ್ಟು ನಿಮಿಷ ಇತ್ತೆಂದು ಪ್ರತಿ ಸಲವೂ ಬರೆದಿಟ್ಟ.

ಬಲೂನು ಒಡೆಯುವುದು ನಿಂತ ಮೇಲೆ ನಿಜವಾದ ಗಡ್ಡ ಬೇಕಿತ್ತು. ಬಡಗಿಯಾಗಿದ್ದ ಅಕ್ಕನ ಗಂಡ ತಾನಾಗೇ ಬಂದು ಕುರ್ಚಿಯಲ್ಲಿ ಕೂತ. ಎರಡೂ ಕೆನ್ನೆ ಸಲೀಸಾಗಿ ಮುಗಿದವು. ಗಂಟಲಿಗೆ ಬಂದಾಗ ಎದೆ ಮತ್ತೆ ಡವಗುಟ್ಟತೊಡಗಿತು. ಬುಗುರಿ ಕತ್ತಿ ಎತ್ತಿ ಹಲಗೆಯ ಮೇಲಿಟ್ಟ. ಕಾಲು ಬಾಗಿಲ ಕಡೆಗೆ ತಿರುಗಿತ್ತು.

"ಭಾವ, ಬಂತು."

"ಬರ್ಲಿ ಬಿಡು. ನನಗೇನೂ ಅವಸರ ಇಲ್ಲ," ಎಂದ ಭಾವ, ಕಣ್ಣು ಕೂಡ ತೆರೆಯದೆ.

ಬುಗುರಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತ. ಬೆವರು ಗಲ್ಲದಿಂದ ತೊಟ್ಟಿಕ್ಕಿತು. ಈಗ ಬಿದ್ದೆ, ಈಗ ಬಿದ್ದೆ ಅನ್ನಿಸುತ್ತಲೇ ಇತ್ತು, ಬೀಳಲಿಲ್ಲ. ಉಸಿರು ಬಿಡುತ್ತಾ ಗೋಡೆಯ ಗಡಿಯಾರ ನೋಡಿದ. ಹನ್ನೊಂದು ನಿಮಿಷಕ್ಕೆ ಎದೆ ಹದಕ್ಕೆ ಬಂತು. ಭಾವನ ಗಂಟಲ ನೊರೆ ಒಣಗಿ ಹಕ್ಕಳೆ ಎದ್ದಿತ್ತು. ಮತ್ತೆ ನೊರೆ ಹಚ್ಚಿ, ಕೈ ಗಟ್ಟಿಯಾಯಿತೇ ಎಂದು ನೋಡಿಕೊಂಡು ಗಡ್ಡ ಮುಗಿಸಿದ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತ.

ಹೆದರಿಕೆ ಪೂರ್ತಿ ಹೋಗಲಿಲ್ಲ. ಕೊನೆಯ ಭೇಟಿಯಲ್ಲಿ ಅವನು ಕೂತಲ್ಲಿ ಕೂರದೆ, ಇದು ಮತ್ತೆ ಬರುತ್ತದೆಯೇ ಎಂದು ಮೂರು ಸಲ ಕೇಳಿದ. ಬಂದರೂ ಬರಬಹುದು ಎಂದರು ಡಾಕ್ಟರಮ್ಮ. ಆ ಉತ್ತರ ಅವನಿಗೆ ಹಿಡಿಸಲಿಲ್ಲ. ಬಸ್ಸಿಗೆ ಕಾಯಲಾರದೆ ಅಂಗಡಿಗೆ ನಡೆದೇ ಬಂದ. ಬಾಗಿಲಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬನಿಗೆ ಕೂದಲು, ಇನ್ನೊಬ್ಬನಿಗೆ ಗಡ್ಡ. ಬುಗುರಿ ಗಡ್ಡದವನನ್ನೇ ಮೊದಲು ಕೂರಿಸಿದ.